ಲೀಟರಿಗೆ ಏಳು

ಕಾರು ಸರ್ವೀಸ್ ಮಾಡುವಲ್ಲಿ ನನ್ನೆದುರಿನ ಬೆಂಚು ಒಂದು ಗಂಡ ಹೆಂಡತಿ ಜೋಡಿಯದು. ಕೂತಿದ್ದವಳು ಹೆಂಡತಿ ಮಾತ್ರ. ಗಂಡ, ಗಾಜಿನಾಚೆ ನಿಲ್ಲಿಸಿದ್ದ ತನ್ನ ಕೆಂಪು ಸೆಡಾನ್ ಕಾರನ್ನು ನೋಡಲು ಎದ್ದೆದ್ದು ಹೋಗುತ್ತಿದ್ದ.

“ಕಂಪನಿಯವರು ಮೈಲೇಜ್ ಹದಿನಾಲ್ಕು ಅಂದಿದ್ರು. ಕೊಡ್ತಿರೋದು ಲೀಟರಿಗೆ ಏಳು.”

“ಇಂಜಿನ್‌ನಲ್ಲಿ ಇನ್ನೂರು ಕುದುರೆ ಕಟ್ಕೊಂಡು ಹುಲ್ಲು ಜಾಸ್ತಿ ಆಯ್ತು ಅಂದ್ರೆ ಹೇಗ್ರೀ?”

“ತಮಾಷೆ ಬೇಡ. ಎಲ್ಲೋ ಪೆಟ್ರೋಲ್ ಸೋರ್ತಿದೆ.”

“ಸೋರ್ತಿಲ್ಲ ಅಂತ ಮೆಕ್ಯಾನಿಕ್ ಕಂಪ್ಯೂಟರ್ ಹಾಕಿ ನೋಡಿ ಹೇಳಿದ್ರಲ್ಲ. ದಿನಾ ನಲವತ್ತು ನಿಮಿಷ ಗಾಡಿ ನಿಂತಲ್ಲೇ ಇಂಜಿನ್ ಓಡಿದೆಯಂತೆ.”

“ಸಿಗ್ನಲ್‌ಗಳು.”

“ನಲವತ್ತು ನಿಮಿಷದ ಸಿಗ್ನಲ್ ಯಾವುದು? ಸಂಜೆ ಆರು ಗಂಟೆಗೆ ಗೇಟು ತೆಗೆದ ಸದ್ದು ಕೇಳತ್ತೆ. ನೀವು ಮೇಲೆ ಬರೋದು ಆರೂ ಮುಕ್ಕಾಲಿಗೆ.”

ಆತ ಬಂದು ಕೂತ. ಮತ್ತೆ ಎದ್ದ.

“ಎ.ಸಿ. ಹಾಕ್ಕೊಂಡು ಸುಮ್ನೆ ಕೂತಿರ್ತೀನಿ. ಮೇಲೆ ಬಂದ್ರೆ ಅಮ್ಮ ಒಂದು ಕೇಳ್ತಾಳೆ, ಮಕ್ಕಳು ಇನ್ನೊಂದು ಕೇಳ್ತಾರೆ. ಕಾರಲ್ಲಿ ಯಾರೂ ಏನೂ ಕೇಳಲ್ಲ.”

ಕೌಂಟರಿನಿಂದ ಅವರ ಕಾರಿನ ನಂಬರು ಕೂಗಿದರು. ಆಕೆ ಬ್ಯಾಗನ್ನು ಹೆಗಲಿಗೇರಿಸಿ ಎದ್ದಳು.

“ಮನೆ ಟ್ಯಾಂಕಿನ ನೀರು ಮಧ್ಯಾಹ್ನಕ್ಕೇ ಖಾಲಿ ಆಗತ್ತೆ, ಎಲ್ಲಿ ಸೋರ್ತಿದೆಯೋ ಅಂತ ಪ್ಲಂಬರ್‌ನ ಕರೆಸಿದ್ರಲ್ಲ?”

“ಹೂಂ. ಅವನಿಗೂ ಏನೂ ಸಿಗಲಿಲ್ಲ.”

“ಸಿಗಲ್ಲ. ಬಚ್ಚಲುಮನೆ ಬಾಗಿಲು ಹಾಕ್ಕೊಂಡು, ನಲ್ಲಿ ಬಿಟ್ಕೊಂಡು ನಾನು ಕೂತಿರ್ತೀನಿ.”

ಇಬ್ಬರೂ ಕೌಂಟರಿನ ಕಡೆ ನಡೆದರು. ಕಾರಿನ ಕೀಗೆ ಮೊದಲು ಕೈ ಚಾಚಿದ್ದು ಆಕೆ.