ಅಲ್ಲಾಡದ ಹಿತ್ತಾಳೆ ಚಕ್ರ

ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ದುಪಟ್ಟಾದ ತುದಿಯಿಂದ ಪುಟ್ಟ ಹಿತ್ತಾಳೆ ಚಕ್ರ ಒರೆಸುತ್ತಿದ್ದಳು. ಅವಳ ಅಣ್ಣ ಅದನ್ನು ಕಸಿದುಕೊಂಡು ಕಡ್ಡಿಗೆ ಸಿಕ್ಕಿಸಿ ತಿರುಗಿಸಿದ.

“ಸ್ಪಂದನಾ, ಒಂಚೂರೂ ಅಲ್ಲಾಡ್ತಿಲ್ಲ ಕಣೇ! ಯಾರ ಹತ್ರ ಮಾಡಿಸ್ದೆ?”

“ನಾನೇ ಮಾಡ್ದೆ. ನಿನ್ನ ಲೇತ್ ಮಷೀನಲ್ಲೇ.”

“ಸುಳ್ಳು! ನಾನು ಕಡೆದ್ರೆ ನಟ್ಟನಡುವೆ ಒಂಚೂರು ಹಿತ್ತಾಳೆ ಮೊಳೆ ಥರ ಉಳಿಯುತ್ತೆ.”

“ನೀನು ಕಡೆಯೋ ಟೂಲಿನ ಮೊನೆ ಚಕ್ರದ ನಡುವಿಗಿಂತ ತಗ್ಗಲ್ಲಿತ್ತು. ಅದರ ಕೆಳಗೆ ಡಬ್ಬಿ ತಗಡು ಕತ್ತರಿಸಿಟ್ಟು ಎತ್ತರಿಸ್ದೆ.”

“ಎಲಾ ಇವಳ! ಲೇತ್ ಇರೋ ಶೆಡ್ಡಿನೊಳಗೆ ಹೆಂಗೆ ಹೋದೆ?”

“ಬೀಗ ಹಾಕೋದು ಮರೆತಿದ್ದೆ ನೀನು.”

“ನಿನ್ನ ಜಡೆ ಲೇತಿಗೆ ಸಿಕ್ಕಿಕೊಳ್ಳುತ್ತೆ ಅಂತ ತಾನೇ ಬೀಗ ಹಾಕೋದು?”

“ತುರುಬು ಕಟ್ಟಿ, ಮೇಲೆ ಟವಲ್ ಬಿಗಿದಿದ್ದೆ. ನಿನ್ನಂಗೆ ಲುಂಗಿ ಬಿಟ್ಕೊಂಡು ನಿಂತಿರಲಿಲ್ಲ.”

“ಇವತ್ತೇ ಮನೇಲಿರೋ ನಮ್ಮ ಆಟದ ಎಂಜಿನ್ನಿಗೆ ಇದನ್ನ ಹಾಕಿ ಓಡಿಸ್ತೀನಿ ನೋಡು!”

ಸೊರಬದ ಬಸ್ಸು ಬಂತು. ಅವನು ಚಕ್ರ ಎದೆಗವಚಿಕೊಂಡು ಎಲ್ಲರಿಗಿಂತ ಮೊದಲು ಹತ್ತಿದ. ಅವಳು ಹಿಂದಿನಿಂದ ಕೂಗಿದಳು:

“ಅಣ್ಣಾ, ಶೆಡ್ಡಿನ ಬೀಗದ ಕೈ ನಂಗೂ ಒಂದು ಕೊಡು.”