ಗುಂಡಿಯಲ್ಲಿ ಬಿಡದ ಸುತ್ತು

ಸುಳ್ಯದ ಕಡೇ ಬಸ್ಸು ಆಲೆಟ್ಟಿ ತಿರುವಿನಲ್ಲಿ ಇಳಿಸಿ ಹೋದರೆ, ದೇರಣ್ಣ ಆ ಬಾವಿಯನ್ನು ದಾಟಿಯೇ ಮನೆಗೆ ಹೋಗಬೇಕು. ಬೇರೆ ದಾರಿ ಇಲ್ಲ. ಕಟ್ಟೆ ಇಲ್ಲದ ಬಾವಿ. ಪಕ್ಕದಲ್ಲಿ ಒಂದು ಗೋಳಿಮರ.

ಬೇಸಗೆಯ ರಾತ್ರಿ ಅದು. ಗೋಳಿಯ ಒಂದು ಎಲೆಯೂ ಅಲ್ಲಾಡುವುದಿಲ್ಲ. ಆದರೂ ಬಾವಿಯ ಒಳಗಿಂದ ಶಬ್ದ... ಸರ್ರ್... ಸರ್ರ್... ಒರಟು ಕಲ್ಲಿಗೆ ಹಗ್ಗ ಉಜ್ಜಿದ ಹಾಗೆ. ಆಮೇಲೆ ಟಪ್ಪೆಂದು ನಿಂತಿತು, ಹಗ್ಗ ಮುಗಿದ ಹಾಗೆ.

ನಿಂತ ಮೇಲೆ ಪಿಸುಮಾತು.

"ಇನ್ನು ಸ್ವಲ್ಪ ಬಿಡಿ..."

ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ದೇರಣ್ಣ ಓಡಲಿಲ್ಲ. ಅದು ಯಾರ ಸ್ವರ ಎಂದು ಅವನಿಗೆ ಗೊತ್ತಿತ್ತು. ಏನು ಕೇಳುತ್ತಾ ಉಂಟು ಎಂದೂ ಗೊತ್ತಿತ್ತು.

ದೇರಣ್ಣ ಟೆಲಿಫೋನಿನ ಲೈನ್ ಕೆಲಸದವ. ಅವನ ಹೆಂಡತಿ ಪೂವಮ್ಮ ನನಗೆ ಚಿಕ್ಕಮ್ಮನ ಮಗಳು. ಅವಳ ಬಾಯಿಯಿಂದಲೇ ನಾನು ಇದನ್ನು ಕೇಳಿದ್ದು.

ಆ ರಾತ್ರಿಯ ಹಿಂದಿನ ವರ್ಷ ಮಾರ್ಗದ ಬದಿ ಅಗೆದು, ಮಣ್ಣಿನೊಳಗೆ ಕೇಬಲ್ ಹಾಕಿದರು. ಕಿರುಬೆರಳಿನಷ್ಟು ದಪ್ಪ, ಕೇರೆಹಾವಿನ ಹಾಗೆ ಕಪ್ಪು. ಎರಡು ತುಂಡು ಸೇರುವಲ್ಲೆಲ್ಲ ಒಂದು ಗುಂಡಿ. ಕೆಲಸ ಕಲಿಸಿದವ ಪುತ್ತೂರಿನ ತ್ಯಾಂಪಣ್ಣ. ದೊಡ್ಡ ಬಾಯಿಯ ಮನುಷ್ಯ. ಒಂದೇ ಮಾತನ್ನು ದಿನಾ ಹೇಳುವವ.

"ಗುಂಡಿಯಲ್ಲಿ ಕೇಬಲಿನದ್ದು ಒಂದು ದೊಡ್ಡ ಸುತ್ತು ಹೆಚ್ಚಿಗೆ ಬಿಡಬೇಕು ಮಾರಾಯ. ಬಿಗಿ ಮಾಡಿ ಎಳೆದರೆ ನೋಡ್ಲಿಕ್ಕೆ ಚೆಂದ, ಅಷ್ಟೆ. ಮಣ್ಣು ಜಾರ್ತದೆ, ಬೇರು ಎಳೀತದೆ. ಎಳೆದಾಗ ಕೊಡ್ಲಿಕ್ಕೆ ಎಂತಾದ್ರೂ ಇರಬೇಕು."

ದೇರಣ್ಣ ಎಲ್ಲ ಗುಂಡಿಯಲ್ಲಿಯೂ ಬಿಟ್ಟ. ಒಂದರಲ್ಲಿ ಮಾತ್ರ ಇಲ್ಲ. ಬಾವಿಯ ಹತ್ತಿರದ ಸಾಹುಲ್ ಹಮೀದನ ಚಾ ಹೋಟೆಲಿನ ಮೇಲ್ಬದಿಯ ಗುಂಡಿ ಅದು. ಪೂವಮ್ಮ ತುಂಬ ದಿನದಿಂದ ಬಟ್ಟೆ ಹಾಕಲಿಕ್ಕೆ ಹಗ್ಗ ಕೇಳುತ್ತಿದ್ದಳು. ತೆಂಗಿನ ಹಗ್ಗ ಮಳೆಗೆ ಕುಂಬಾಗಿ ತುಂಡಾಗುತ್ತದೆ, ಕಬ್ಬಿಣದ ಸರಿಗೆ ಹಾಕಿದರೆ ಬಿಳಿ ಬಟ್ಟೆಗೆಲ್ಲ ತುಕ್ಕಿನ ಕಲೆ. ಮಣ್ಣು ಮುಚ್ಚಿದ ಮೇಲೆ ಯಾರು ನೋಡುತ್ತಾರೆ? ಸುತ್ತು ಬಿಡಬೇಕಾದದ್ದನ್ನು ಕಡಿದು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ.

ಪೂವಮ್ಮನಿಗೆ ಖುಷಿ. ಅಂಗಳದಲ್ಲಿ ಕಟ್ಟಿದಳು. ಕತ್ತಲೆಯಲ್ಲಿ ಕಪ್ಪು ಹಗ್ಗ ಯಾರ ಕುತ್ತಿಗೆಗಾದರೂ ತಾಗೀತು ಎಂದು ನಡುವಿಗೆ ತನ್ನ ಹಳೇ ಸೀರೆಯ ಕೆಂಪು ಚೂರೊಂದನ್ನು ಗಂಟು ಹಾಕಿದಳು.

ಮಳೆ ಹಿಡಿಯುವ ಮೊದಲಿನ ಗಾಳಿಗೆ ಮಾರ್ಗದ ಬದಿಯ ಹಾಲೆಮರ ಬಿತ್ತು. ಬೇರು ಎದ್ದಿತು. ಏಳುವಾಗ ಕೇಬಲನ್ನೂ ಜಗ್ಗಿತು. ಗುಂಡಿಯಲ್ಲಿ ಕೊಡಲಿಕ್ಕೆ ಏನೂ ಇರಲಿಲ್ಲ... ಸೇರಿಸಿದ ಜಾಗ ಕಳಚಿ ಬಂತು.

ಅದೇ ರಾತ್ರಿ ಚನಿಯಪ್ಪ ಆ ದಾರಿಯಲ್ಲಿ ಬರುತ್ತಿದ್ದ. ಅಪ್ಪಿ ಎಂಬ ವಿಧವೆಯ ಒಬ್ಬನೇ ಮಗ. ಗಾಳಿಗೆ ಕೈಯ ತೆಂಗಿನ ಗರಿಯ ಸೂಟೆ ನಂದಿತು. ಕಾಲು ತಪ್ಪಿ ಬಾವಿಗೆ ಬಿದ್ದ. ಬಿದ್ದು ಸಾಯಲಿಲ್ಲ. ಕಲ್ಲಿನ ಸಂದಿನಲ್ಲಿ ಬೆರಳು ಸಿಕ್ಕಿಸಿ ಹಿಡಿದುಕೊಂಡು ಕೂಗಿದ. ಸಾಹುಲ್ ಹಮೀದ ಓಡಿ ಬಂದು ಹೋಟೆಲಿನ ಹಗ್ಗ ಇಳಿಸಿದ. ಸಾಕಾಗಲಿಲ್ಲ.

"ಇನ್ನು ಸ್ವಲ್ಪ ಬಿಡಿ ಸಾಹೇಬ್ರೆ..."

"ಹಿಡ್ಕೋ ಮಗಾ, ಸುಳ್ಯಕ್ಕೆ ಫೋನು ಮಾಡ್ತೇನೆ. ಜೀಪು ಬರ್ತದೆ."

ಹೋಟೆಲಿಗೆ ಹೋಗಿ ಫೋನು ತಿರುಗಿಸಿದ. ಕುಂಯ್ ಎಂಬ ಶಬ್ದವೂ ಇಲ್ಲ. ಮತ್ತೆ ತಿರುಗಿಸಿದ, ಮತ್ತೆ ತಿರುಗಿಸಿದ. ಆ ಹೊತ್ತಿನಲ್ಲಿ ಯಾವುದಾದರೂ ಮನೆಗೆ ಓಡಿದ್ದರೆ ಆಗುತ್ತಿತ್ತು. ಫೋನನ್ನು ನಂಬಿದ. ಕಡೆಗೆ ಓಡಿ ಉದ್ದದ ಹಗ್ಗ ತಂದಾಗ ಬಾವಿ ಮಾತಾಡುವುದನ್ನು ನಿಲ್ಲಿಸಿತ್ತು.

ಬೆಳಿಗ್ಗೆ ದೇರಣ್ಣ ಒಬ್ಬನೇ ಗುಂಡಿ ತೆಗೆದು, ತುಂಡು ಸೇರಿಸಿ ಮುಚ್ಚಿದ. "ಎಂತದಾ?" ಎಂದು ಹಮೀದ ಕೇಳಿದ್ದಕ್ಕೆ ಅವನ ಬಾಯಿಗೆ ಬಂದದ್ದು ಒಂದೇ ಮಾತು.

"ಹೆಗ್ಗಣ ಕಡಿದದ್ದು."

ಹಮೀದ ನಂಬಿದ. ಹೋಟೆಲಿನ ಹಿಂದೆ ಬೋನು ಇಟ್ಟ. ಸಿಕ್ಕಿದ ಹೆಗ್ಗಣಕ್ಕೆಲ್ಲ "ನೀನೇ ಅಲ್ವಾ ಅಪ್ಪಿಯ ಮಗನನ್ನು ತಿಂದದ್ದು" ಎಂದು ಬೈದು ಕೊಲ್ಲುತ್ತಿದ್ದ. ಅಪ್ಪಿ ದೇರಣ್ಣನನ್ನು ಕಂಡಾಗಲೆಲ್ಲ, "ನೀನಾದ್ರೂ ಬೆಳಿಗ್ಗೆಯೇ ಬಂದು ಸರಿ ಮಾಡಿದಿ ಮಗಾ" ಎನ್ನುತ್ತಿದ್ದಳು.

ಆ ಬೇಸಗೆಯ ರಾತ್ರಿ ಬಾವಿಯ ಬಳಿಯಿಂದ ಮನೆಗೆ ಬಂದವ ಚಪ್ಪಲಿಯನ್ನೂ ಕಳಚಲಿಲ್ಲ. ಅಂಗಳದ ಕೇಬಲನ್ನು ಬಿಚ್ಚಿದ. ಒಣಗಿದ ಬಟ್ಟೆ ನೆಲಕ್ಕೆ ಬಿತ್ತು. ತಿರುಗಿ ಬಾವಿಗೆ ಹೋದ. ಕೇಬಲನ್ನು ಮೆಲ್ಲನೆ ಇಳಿಸಿದ... ಸರ್ರ್... ಸರ್ರ್... ಕೆಂಪು ಗಂಟೂ ಇಳಿಯಿತು. ಕೈಯಲ್ಲಿ ಇನ್ನು ತುದಿ ಮಾತ್ರ.

ಕೆಳಗಿನಿಂದ ಯಾರೋ ಹಿಡಿದರು.

ಮನುಷ್ಯನ ಭಾರ. ದೇರಣ್ಣ ಎಳೆದ. ಜೀವ ಹೋಗುವ ಹಾಗೆ ಎಳೆದ. ಬರಲಿಲ್ಲ. ಅಂಗೈ ಸುಲಿಯಿತು.

"ಬಿಡು ಅಣ್ಣ..."

ಬಿಟ್ಟ. ಪೂರಾ ಹೋಯಿತು. ನೀರಿಗೆ ಬಿದ್ದ ಶಬ್ದ ಮಾತ್ರ ಕೇಳಲಿಲ್ಲ.

ಬೆಳಿಗ್ಗೆ ಪೂವಮ್ಮ ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಬಟ್ಟೆಯ ಹಗ್ಗ ಎಲ್ಲಿ?"

"ಕೊಟ್ಟೆ."

"ಯಾರಿಗೆ?"

"ಕೇಳಿದವರಿಗೆ."

ಅವಳಿಗೆ ಎಲ್ಲವನ್ನೂ ಹೇಳಿದ್ದು ಆವಾಗ. "ಹೋಗಿ ಹೇಳಿ ಬನ್ನಿ. ಶಿಕ್ಷೆ ಆದ್ರೆ ಆಗಲಿ" ಎಂದಳು. ದೇರಣ್ಣನಿಗೂ ಅದೇ ಬೇಕಿತ್ತು. ಪುತ್ತೂರಿಗೆ ಹೋಗಿ ತ್ಯಾಂಪಣ್ಣನ ಎದುರು ನಿಂತ.

"ಅಣ್ಣ, ಹೋಟೆಲಿನ ಗುಂಡಿಯಲ್ಲಿ ನಾನು ಸುತ್ತು ಬಿಡಲಿಲ್ಲ. ಹೆಗ್ಗಣ ಅಲ್ಲ, ನಾನೇ. ಚನಿಯಪ್ಪ ಸತ್ತದ್ದು ನನ್ನಿಂದ."

ತ್ಯಾಂಪಣ್ಣನ ಮುಖ ಕಪ್ಪಾಯಿತು. ಅವನನ್ನು ಕರೆದುಕೊಂಡು ಸಿಕ್ಕಿದ ಮೊದಲ ಬಸ್ಸಿಗೆ ಆಲೆಟ್ಟಿಗೆ ಹೊರಟ. ಅಪ್ಪಿಯನ್ನೂ ಗುಂಡಿಯ ಹತ್ತಿರ ಕರೆಸಿದ. "ನಿಮ್ಮ ಎದುರೇ ತೆಗೀತೇನೆ ಅಮ್ಮ" ಎಂದು ಹಾರೆ ಹಿಡಿದ. ಕಾದ ನೆಲ. ಠಣ್... ಠಣ್... ಧೂಳು ಹಾರಿತು. ಗುಂಡಿ ಮುಚ್ಚಿದ ಚಪ್ಪಡಿ ಎಬ್ಬಿಸಿದ. ಬಗ್ಗಿ ಕೈ ಹಾಕಿ ನೋಡಿದ.

"ನಿನಗೆ ತಲೆ ಸರಿ ಉಂಟಾ ಮಾರಾಯ? ಸುತ್ತು ಇಲ್ಲೇ ಉಂಟಲ್ಲ."

ಇತ್ತು. ದೊಡ್ಡ ಸುತ್ತು, ತ್ಯಾಂಪಣ್ಣ ಕಲಿಸಿದ ಹಾಗೆಯೇ ಮಡಿಸಿಟ್ಟದ್ದು. ಕಡಿದ ಗುರುತಿಲ್ಲ, ಮರ ಬಿದ್ದ ಮೇಲೆ ತಿರುಗಿ ಸೇರಿಸಿದ ಗುರುತಿಲ್ಲ. ನಡುವಿಗೆ ಕೆಂಪು ಸೀರೆಯ ಚೂರು.

"ಗುರುತಿಗೆ ಬಟ್ಟೆಯನ್ನೂ ಕಟ್ಟಿದ್ದಿ. ಇಷ್ಟು ಚೆಂದ ಮಾಡಿ ಸುಳ್ಳು ಯಾಕೆ ಹೇಳುದು?"

"ಸುಳ್ಳಲ್ಲ ಅಣ್ಣ. ನಾನು ಕಡಿದದ್ದು. ನಾನೇ ಕಡಿದದ್ದು."

ಅಪ್ಪಿ ಅವನ ಸುಲಿದ ಕೈ ಹಿಡಿದಳು. "ನನ್ನ ದುಃಖ ನೋಡಿ ನಿನಗೆ ಹೀಗಾದದ್ದು ಮಗಾ. ನಿನ್ನದೆಂತ ತಪ್ಪು? ಮನೆಗೆ ಹೋಗು."

ಅಲ್ಲಿಂದ ಮೇಲೆ ದೇರಣ್ಣ ಹೇಳದ ಜನ ಇಲ್ಲ. ಹಮೀದನಿಗೆ ಹೇಳಿದ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ. ಯಾರೂ ನಂಬಲಿಲ್ಲ. ಪಾಪ, ಒಳ್ಳೆಯವ ಎಂದರು. ಬಾವಿಯಿಂದ ಮತ್ತೆ ಸ್ವರ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎನ್ನುತ್ತಿದ್ದನಂತೆ. ಹೆಂಡತಿಯನ್ನು ಬಿಟ್ಟರೆ ಅವನ ತಪ್ಪು ಗೊತ್ತಿದ್ದವ ಚನಿಯಪ್ಪನೊಬ್ಬನೇ ಅಲ್ಲವಾ.

ನೀವೂ ನಂಬಬೇಡಿ, ಪರವಾಗಿಲ್ಲ. ಆದರೆ ಆ ದಿನ ಗುಂಡಿಯಿಂದ ದೇರಣ್ಣ ಆ ಕೆಂಪು ಚೂರನ್ನು ಬಿಚ್ಚಿ ಮನೆಗೆ ತಂದ. ಪೂವಮ್ಮ ಅದನ್ನು ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೂಟಕ್ಕೆ ಹಾಕಿದಳು. ಈಗಲೂ ಅಲ್ಲೇ ಉಂಟು. ಹೋದ ವರ್ಷ ಹೋದಾಗ ನಾನು ಈ ಕೈಯಲ್ಲಿ ಮುಟ್ಟಿ ನೋಡಿದ್ದೇನೆ.

ಇನ್ನೂ ಒದ್ದೆ ಇತ್ತು.