ಸತ್ತವನ ಮೇಲೆ ಹೊಟ್ಟೆಕಿಚ್ಚು

ಇದು ನಮ್ಮ ದೊಡ್ಡಪ್ಪನ ಮಗ ಲೋಕಯ್ಯನಿಗೆ ಆದದ್ದು. ನಮ್ಮ ಮನೆಯವರು ಹುಲಿ ಎದುರು ಬಂದರೂ ದಾರಿ ಬಿಡದ ಜನ. ಗದ್ದೆಯ ಕೆಸರಿನಿಂದ ಎದ್ದು ಹೋಗಿ ಮಂಗಳೂರಿನ ಕೊಡಿಯಾಲ್‌ಬೈಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆದವನು ಸುತ್ತಲಿನ ಹಳ್ಳಿಗಳೆಲ್ಲ ಸೇರಿದ ಇಡೀ ಮಾಗಣೆಗೆ ಅವನೊಬ್ಬನೇ. ಹೆದರಿ ಕತೆ ಕಟ್ಟಿದ ಅಂತ ಯಾರೂ ಹೇಳಬೇಡಿ.

ಮೂವತ್ತೇಳನೇ ಇಸವಿಯ ಆಟಿ ತಿಂಗಳು, ಜಡಿಮಳೆಯ ಕಾಲ. ರಾತ್ರಿ ಹತ್ತು ದಾಟಿತ್ತು. ಮಳೆ ಆಗಷ್ಟೇ ನಿಂತಿತ್ತು. ಲೋಕಯ್ಯ ಕುಲಶೇಖರದ ಬಿಡಾರಕ್ಕೆ ನಡೆದು ಹೋಗುತ್ತಿದ್ದ. ತಲೆಯ ತುಂಬ ಒಬ್ಬನೇ... ಯೂಸ್ಟೇಸ್.

ಯೂಸ್ಟೇಸ್ ಅದೇ ಲ್ಯಾಬಿನವನು. ಇಬ್ಬರದೂ ಒಂದೇ ಸಂಶೋಧನೆ: ಈಥರಿನಲ್ಲಿ ಮೆಗ್ನೀಸಿಯಂ ಚೂರು ಹಾಕಿ, ಲೋಹವನ್ನು ಇಂಗಾಲಕ್ಕೆ ಬೆಸೆಯುವುದು. ಗಾಜಿನಲ್ಲಿ ಉಸಿರಿನಷ್ಟು ತೇವ ಇದ್ದರೂ ಕೆಲಸ ಕೆಡುತ್ತಿತ್ತು; ಫ್ಲಾಸ್ಕು ತಾನಾಗಿ ಕುದಿದರೆ ಗೆದ್ದ ಹಾಗೆ. ಮಂಗಳೂರಿನ ಮಳೆಗಾಲದಲ್ಲಿ ಒಣಗಿದ ಗಾಜು ಎಲ್ಲುಂಟು? ಯೂಸ್ಟೇಸನದ್ದು ಮಾತ್ರ ಐದೇ ನಿಮಿಷಕ್ಕೆ ಕುದಿಯುತ್ತಿತ್ತು. "ಅವನ ಕೈಗುಣ" ಅಂತ ಎಲ್ಲರೂ ಹೊಗಳುವಾಗ ಲೋಕಯ್ಯನ ಹೊಟ್ಟೆಯೊಳಗೆ ಮೆಣಸು ಅರೆದ ಹಾಗೆ.

ಆ ಜೂನಿನಲ್ಲೇ ಯೂಸ್ಟೇಸ್ ಟೈಫಾಯ್ಡ್ ಬಂದು ತೀರಿಹೋಗಿದ್ದ. ಲೋಕಯ್ಯನ ಹೊಟ್ಟೆಯ ಉರಿ ಮಾತ್ರ ತೀರಲಿಲ್ಲ. ಮದ್ರಾಸಿನ ಪ್ರೊಫೆಸರ್ ಎರಡು ದಿನದಲ್ಲಿ ಬರುವವರಿದ್ದರು. "ಯೂಸ್ಟೇಸ್ ಮಾಡಿದ್ದನ್ನು ಮಾಡಿ ತೋರಿಸಿದರೆ ಸಂಶೋಧಕನ ಹುದ್ದೆ ನಿನಗೆ" ಅಂತ ಕಾಗದ ಬರೆದಿದ್ದರು. ಆ ಕಾಗದದಲ್ಲೂ ಅವನದೇ ಹೆಸರು!

ದಾರಿ ಬದಿಯ ಬಾವಿಯ ಹತ್ತಿರ ಬಂದಾಗ ಕೇಳಿಸಿತು.

ಟಿಕ್... ಕರ್ರ್... ಟಿಕ್...

ಗಾಜಿನ ಕಡ್ಡಿಯಲ್ಲಿ ಲೋಹದ ಚೂರು ಜಜ್ಜುವ ಸದ್ದು. ಬಾವಿಕಟ್ಟೆಯ ಮೇಲೆ ಯೂಸ್ಟೇಸ್ ಕೂತಿದ್ದ. ತೊಡೆಯ ಮೇಲೆ ಫ್ಲಾಸ್ಕು. ಅದು ಕುದಿಯುತ್ತಿತ್ತು. ಬುಳು... ಬುಳು...

ಬೇರೆಯವರಾದರೆ ಓಡುತ್ತಿದ್ದರು. ಲೋಕಯ್ಯನಿಗೆ ಬಂದದ್ದು ಸಿಟ್ಟು.

"ಸತ್ತ ಮೇಲೂ ನಿನ್ನದೇ ಕುದಿಯುವುದಾ ಮಾರಾಯ?"

"ಮೆಲ್ಲ ಮಾತಾಡು..." ಅದು ಪಿಸುಗುಟ್ಟಿತು. "ಕಲಿಯಬೇಕಾ?"

"ಎಂತ ಗುಟ್ಟು ಅದು? ಹೇಳಿ ಸಾಯಬಾರದಿತ್ತಾ?"

"ನೀನು ಕೇಳಲೇ ಇಲ್ಲವಲ್ಲ."

ಹೌದು. ಕೇಳಿರಲಿಲ್ಲ. ಕೇಳಿದರೆ ಸೋತ ಹಾಗೆ.

"ತೆರೆಸಾ ಬಾಯಿಯ ಬೇಕರಿ... ಬನ್ನು ತೆಗೆದ ಮೇಲೂ ಒಲೆ ಬಿಸಿ ಉಂಟು. ಗಾಜು, ಚೂರು, ಎರಡನ್ನೂ ರಾತ್ರಿಯಿಡೀ ಅದರೊಳಗೆ ಇಡು. ಅಷ್ಟೇ. ಆದರೆ ಪ್ರಬಂಧ ಬರೆಯುವಾಗ ನನ್ನ ಹೆಸರೂ ಹಾಕಬೇಕು. ಕೈ ಕೊಡು."

ಲೋಕಯ್ಯ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟ. ಆ ಕೈ... ಒದ್ದೆ ಕಟ್ಟೆಯಲ್ಲಿ ಕೂತವನ ಕೈ... ಸುಟ್ಟ ಹಂಚಿನ ಹಾಗೆ ಒಣಗಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟೆ ಬರಿದಾಗಿತ್ತು.

ಪ್ರೊಫೆಸರ್ ಎದುರು ಫ್ಲಾಸ್ಕು ನಾಲ್ಕೇ ನಿಮಿಷಕ್ಕೆ ಕುದಿಯಿತು. ಹುದ್ದೆ ಸಿಕ್ಕಿತು. ಪ್ರಬಂಧ ಬರೆದು ಮುಗಿಸಿ, ಹೆಸರು ಹಾಕುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಯೂಸ್ಟೇಸನ ಹೆಸರೂ ಹಾಕಿದರೆ ಜನ ಮತ್ತೆ ಹೊಗಳುವುದು ಯಾರನ್ನು? ಲೋಕಯ್ಯ ಒಂದೇ ಹೆಸರು ಬರೆದ. ತನ್ನದು.

ಆಮೇಲೆ ಅವನ ಒಂದು ಫ್ಲಾಸ್ಕೂ ಕುದಿಯಲಿಲ್ಲ. ಬೇಕರಿಯ ಒಲೆ ಅದೇ, ತೆರೆಸಾ ಬಾಯಿ ಅವಳೇ. ಆದರೆ ಅವನು ಭಾಷೆ ಕೊಟ್ಟ ಆ ಬಲಗೈಯಲ್ಲಿ ಮುಟ್ಟಿದ ಗಾಜಿಗೆಲ್ಲ ನೀರಹನಿ ಕಟ್ಟುತ್ತಿತ್ತು. ಒರೆಸಿದರೆ ಮತ್ತೆ. ವರ್ಷ ತುಂಬುವುದರೊಳಗೆ ಹುದ್ದೆ ಬಿಟ್ಟ. ಈಗ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಾನೆ.

ನಂಬದಿದ್ದರೆ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ಮೊನ್ನೆ ಸೆಕೆಗಾಲದ ಮಧ್ಯಾಹ್ನ ಒಲೆಯಿಂದ ಇಳಿಸಿದ ಕಾಫಿಯನ್ನು ಗಾಜಿನ ಲೋಟದಲ್ಲಿ ಕೊಟ್ಟೆ. ಬಲಗೈಯಲ್ಲಿ ಹಿಡಿದ. ಮೇಲೆ ಹಬೆ ಏಳುತ್ತಿತ್ತು. ಲೋಟದ ಹೊರಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು... ಟಪ್... ಟಪ್...

ಮೇಜು ಒರೆಸಿದವನು ನಾನೇ.